ದೋಣಿಯನ್ನು ಗೂಡಿಗೆ ಸೇರಿಸುವುದು

ಕಳೆದ ಸಂಚಿಕೆಯ ಈ ಪುಟದಲ್ಲಿ ರೈಲುಪ್ರಯಾಣದ ಬುತ್ತಿಯ ವಿಷಯ ಬರೆದಿದ್ದೆನಷ್ಟೆ. ಅದನ್ನು ಓದಿದ ಹಿರಿಯರೊಬ್ಬರು ಸಂಘದ ಸಭೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, “ಏನಯ್ಯಾ, ತಿನ್ನುವುದನ್ನು ಬಿಟ್ಟರೆ ನಿನಗೆ ಬರೆಯಲು ಬೇರೆ ವಿಷಯವೇ ಇಲ್ಲವೇ?” ಎಂದು ಕೇಳಿದರು. ಮಾತು ನಾಟಿತು. ಆದಕಾರಣ ಈ ಸಲ ತಿನ್ನಲಿಕ್ಕೆ ಬಾರದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಒಂದು ಸಣ್ಣ ಮೋಟಾರು ದೋಣಿಯನ್ನು ಇಕ್ಕಟ್ಟಾದ ಜಾಗಕ್ಕೆ, ಯಾರಿಗೂ ಪೆಟ್ಟಾಗದಂತೆ, ಧೈರ್ಯವಾಗಿ ತಂದು ನಿಲ್ಲಿಸುವುದು ಹೇಗೆ?

“ಗುರುಗ್ರಾಮದಲ್ಲಿ ಕುಳಿತು ದೋಣಿಯ ಮಾತೆ?” ಎಂದು ನೀವು ನಗಬಹುದು. ನಗುವುದಕ್ಕೆ ನಿಮಗೆ ಅಧಿಕಾರವುಂಟು. ನಮ್ಮ ಈ ಊರಿಗೆ ತುಂಬಿ ಹರಿಯುವ ಹೊಳೆಯಿಲ್ಲ. ಸೋಹನಾ ಕಡೆಗೆ ಹೋದರೆ ಅರಾವಳಿಯ ತಪ್ಪಲಿನಲ್ಲಿ ದಮ್ದಮಾ ಎಂಬ ಕೆರೆಯಿದೆ. 1947ರಲ್ಲಿ ಕಟ್ಟಿದ ಒಡ್ಡಿನ ಹಿಂದೆ ಮಳೆಯ ನೀರು ನಿಂತು ಆದದ್ದು. ಮಳೆ ಕೈಕೊಟ್ಟ ವರ್ಷ ಅದರ ತಳವೂ ಕಾಣುತ್ತದೆ. ಇನ್ನು ರಸ್ತೆಯ ಮೇಲೆ ನಿಲ್ಲುವ ನೀರಿನ ಲೆಕ್ಕ ಬೇರೆ. 2016ರ ಜುಲೈ ಕೊನೆಯಲ್ಲಿ ಹೀರೋ ಹೋಂಡಾ ಚೌಕದಲ್ಲಿ ನೀರು ನಿಂತು ವಾಹನಗಳು ರಾತ್ರಿಯಿಡೀ ಸಿಕ್ಕಿಕೊಂಡಿದ್ದನ್ನು ನಮ್ಮಲ್ಲಿ ಹಲವರು ಅನುಭವಿಸಿದ್ದೇವೆ. ಆ ದಿನ ದೋಣಿಯೊಂದಿದ್ದರೆ ಎಂದು ನಾನೂ ಹಂಬಲಿಸಿದ್ದುಂಟು. ಆದರೆ ನಾನೀಗ ಹೇಳಹೊರಟಿರುವ ದೋಣಿ ಇಲ್ಲಿಯದಲ್ಲ. ಅದು ಹೊನ್ನಾವರದ ಹತ್ತಿರ ಶರಾವತಿಯಲ್ಲಿದೆ.

ನಮ್ಮ ಮನೆ ಶರಾವತಿಯ ನಡುವಿನ ಒಂದು ಕುರ್ವೆಯಲ್ಲಿದೆ. ಬಯಲುಸೀಮೆಯ ಬಂಧುಗಳಿಗೆ ತಿಳಿಯಲೆಂದು ಹೇಳುತ್ತೇನೆ, ಕುರ್ವೆಯೆಂದರೆ ಹೊಳೆಯ ನಡುವಿನ ನಡುಗಡ್ಡೆ. ತೀರ್ಥಹಳ್ಳಿಯ ಬಳಿ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರು ಧುಮುಕಿ, ಗೇರುಸೊಪ್ಪೆಯನ್ನು ದಾಟಿ ಬರುವ ಹೊಳೆ ಹೊನ್ನಾವರದ ಹತ್ತಿರ ಅಗಲವಾಗಿ, ನಿಧಾನವಾಗಿ, ಸಮುದ್ರದ ಅಪ್ಪಣೆ ಕೇಳಿಕೊಂಡು ಹರಿಯುತ್ತದೆ. ಕೊಂಕಣ ರೈಲಿನಲ್ಲಿ ಹೋದವರಿಗೆ ಆ ಅಗಲ ಗೊತ್ತು; ಆ ಮಾರ್ಗದಲ್ಲೆಲ್ಲ ಅತ್ಯಂತ ಉದ್ದವಾದ ಸೇತುವೆ, ಎರಡು ಕಿಲೋಮೀಟರಿಗೂ ಮಿಕ್ಕಿದ್ದು, ಅಲ್ಲಿಯೇ ಇದೆ. 14ನೆಯ ಶತಮಾನದಲ್ಲಿ ಇಬ್ನ್ ಬತೂತನೆಂಬ ಪ್ರವಾಸಿ ಬಂದು ಉಳಿದ ಬಂದರು ಅದು. ಅವನ ಹಡಗನ್ನು ಯಾರು ತಂದು ದಡಕ್ಕೆ ಹಚ್ಚಿದರೋ ತಿಳಿಯದು. ನಮ್ಮ ದೋಣಿಯನ್ನು ಹಚ್ಚುತ್ತಿದ್ದವರು ಮಾತ್ರ ಮೊದಲು ನನ್ನ ತಂದೆ, ಅವರ ತರುವಾಯ ನನ್ನ ಅಣ್ಣ.

ತಂದೆ ತಾರಿ ನಡೆಸುತ್ತಿದ್ದರು. ಹುಟ್ಟಿನ ದೋಣಿ. ನಾನು ಅದರ ಹುಟ್ಟಿಗೆ ಕೈ ಹಾಕಿದರೆ, “ನಿನ್ನ ಕೈಗೆ ಪೆನ್ನು ಸಾಕು, ಆಚೆ ಕೂತುಕೋ” ಎನ್ನುತ್ತಿದ್ದರು. ನಾನು ಆಚೆ ಕುಳಿತು ಓದಿ ಬಿ.ಎ. ಮಾಡಿದೆ, ಪರೀಕ್ಷೆ ಬರೆದೆ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಇಲ್ಲಿಗೆ ಬಂದೆ. ಅಣ್ಣ ಊರಲ್ಲಿ ಉಳಿದ. ತೆಂಗಿನ ತೋಟ, ತಾಯಿ, ದೋಣಿ ಮೂರೂ ಅವನ ಪಾಲಿಗೆ ಬಂದವು. ಹುಟ್ಟಿನ ದೋಣಿ ಹೋಗಿ ಈಗ ಹದಿನೆಂಟು ಅಡಿ ಉದ್ದ, ಐದಡಿ ಅಗಲದ ಫೈಬರ್ ದೋಣಿ ಬಂದಿದೆ. ಹಿಂದುಗಡೆ ಒಂದು ಔಟ್‌ಬೋರ್ಡ್ ಮೋಟಾರು ತೂಗಿದೆ.

ಇನ್ನು ಆ ದೋಣಿ ನಿಲ್ಲುವ ಜಾಗವನ್ನು ಬಣ್ಣಿಸಬೇಕು. ನಮ್ಮ ಮನೆಯಲ್ಲಿ ಅದಕ್ಕೆ ‘ಗೂಡು’ ಎಂದೇ ಹೆಸರು. ಕುರ್ವೆಯ ದಂಡೆಯನ್ನು ಒಳಕ್ಕೆ ಕಡಿದು ಮಾಡಿದ ಸಂದು. ಹೊಳೆಯಿಂದ ಒಳಹೊಗುವಾಗ ಬಲಗಡೆ ಚಿರೆಕಲ್ಲಿನ ಮೆಟ್ಟಿಲು. ಎಡಗಡೆ ನೆರೆಮನೆಯವರ ದೋಣಿ. ನಡುವೆ ಉಳಿಯುವುದು ಎಂಟು ಅಡಿ. ಐದಡಿ ಅಗಲದ ದೋಣಿಗೆ ಎಂಟು ಅಡಿ ಧಾರಾಳವಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಇಲ್ಲಿ ನಮ್ಮ ಕಟ್ಟಡದ ಕೆಳಗೆ ಕಂಬಕ್ಕೂ ನೆರೆಯವರ ಕಾರಿಗೂ ನಡುವೆ ಅಂಗೈಯಗಲದ ಜಾಗ ಬಿಟ್ಟು ಕಾರು ನಿಲ್ಲಿಸುವವನು ನಾನು. ಆ ಜಂಬವೇ ನನಗೆ ಮುಳುವಾಯಿತು.

ಕಳೆದ ಡಿಸೆಂಬರಿನಲ್ಲಿ ಹದಿನೈದು ದಿನದ ರಜೆ ಹಾಕಿ ಮಡದಿ ಮಕ್ಕಳೊಡನೆ ಊರಿಗೆ ಹೋಗಿದ್ದೆ. ಎರಡನೆಯ ದಿನ ಸಂಜೆ ಪೇಟೆಯಿಂದ ಹಿಂದಿರುಗುವಾಗ ಅಣ್ಣನನ್ನು ಮುಂದಕ್ಕೆ ಕಳಿಸಿ ಮೋಟಾರಿನ ಹಿಡಿಯನ್ನು ನಾನು ಹಿಡಿದೆ. ನಡುಹೊಳೆಯಲ್ಲಿ ಏನು ಸೊಗಸು! ನಾನು ಹೇಳಿದ ಹಾಗೆ ದೋಣಿ ಕೇಳುತ್ತಿತ್ತು. ಗೂಡಿನ ಬಾಯಿಗೆ ಬಂದಾಗ ಇಳಿತ ಜೋರಾಗಿತ್ತು. ಅಣ್ಣ, “ಮೆಲ್ಲಗೆ, ಮೆಲ್ಲಗೆ” ಎಂದ. ಮೂತಿ ಗೂಡಿನೊಳಕ್ಕೆ ಹೊಕ್ಕಿತು. ಹೊಕ್ಕ ಕೂಡಲೇ, ಯಾರೋ ಹಿಡಿದು ತಿರುವಿದಂತೆ, ದೋಣಿ ಬಲಕ್ಕೆ ಹೊರಳಿತು. ನಾನು ಗಾಬರಿಯಾಗಿ ಎಡಕ್ಕೆ ತಿರುಗಿಸಬೇಕೆಂದು ಹಿಡಿಯನ್ನು ಎಡಕ್ಕೆ ಎಳೆದೆ. ಅದು ಮತ್ತಷ್ಟು ಬಲಕ್ಕೆ ಹೋಯಿತು. ಗಾಬರಿಯಲ್ಲಿ ಕೈ ಬಿಗಿಯಾಗಿ ವೇಗವೂ ಹೆಚ್ಚಿತು. ಮೂತಿ ಮೆಟ್ಟಿಲ ಕಲ್ಲಿಗೆ ಅಪ್ಪಳಿಸುವುದನ್ನು ತಡೆಯಲು ಅಣ್ಣ ತನ್ನ ಕೈಯನ್ನು ನಡುವೆ ಕೊಟ್ಟ.

ದೋಣಿಗೆ ಏನೂ ಆಗಲಿಲ್ಲ. ಅಣ್ಣನ ಬಲಗೈಯ ಎರಡು ಬೆರಳುಗಳು ಜಜ್ಜಿದವು. ಒಂದರ ಮೂಳೆ ಮುರಿದಿತ್ತು. ಮೂರು ವಾರದ ಕಟ್ಟು. ಮರ ಹತ್ತುವ ಕೈ, ಕಾಯಿ ಸುಲಿಯುವ ಕೈ, ದೋಣಿ ನಡೆಸುವ ಕೈ ಎಲ್ಲವೂ ಅದೇ ಆಗಿತ್ತು.

ಅವನು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮರುದಿನ ನೆರೆಮನೆಯ ಹುಡುಗ ಬಂದು, “ಎಲ್ಲಿಗೆ ಹೋಗಬೇಕಾದರೂ ಹೇಳಿ, ನಾನು ದಾಟಿಸುತ್ತೇನೆ” ಎಂದ. ನನಗೆ ಬದುಕಿದೆನೆನಿಸಿತು. ಆದರೆ ಅಣ್ಣ ಒಪ್ಪಲಿಲ್ಲ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, “ಬೆರಳು ಕೂಡಿಕೊಳ್ತದೆ. ನಿನ್ನ ತಲೆಯಲ್ಲಿ ಹೆದರಿಕೆ ಕೂತುಬಿಟ್ಟರೆ ಬರುವ ವರ್ಷದಿಂದ ನೀನು ಇಲ್ಲಿಗೆ ಬರುವುದನ್ನೇ ಕಡಮೆ ಮಾಡ್ತೀ. ಬುಧವಾರ ಆಯಿಯನ್ನು ಮಂಡಿನೋವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಹೋಗುವವನು ನೀನೇ. ಇನ್ನೂ ಆರು ದಿನ ಉಂಟು. ಕಲಿ” ಎಂದ.

ಹೀಗೆ ಬಿ.ಎ. ಆಗಿ ಹದಿನಾಲ್ಕು ವರ್ಷದ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾದೆ. ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ನಮ್ಮ ಓದುಗರಲ್ಲಿ ಕರಾವಳಿಯವರೂ, ಮಲೆನಾಡಿನ ಹಿನ್ನೀರಿನವರೂ ಇದ್ದಾರೆ. ಕೊಲ್ಲಿಯ ನಾಡುಗಳಿಗೂ ಅಮೆರಿಕಕ್ಕೂ ಹೋಗಿ ನೆಲಸಿ, ಅಲ್ಲಿ ಸ್ವಂತ ದೋಣಿ ಇಟ್ಟ ಮಕ್ಕಳುಳ್ಳವರೂ ಇದ್ದಾರೆ. ನೀರು ಎಲ್ಲಿಯಾದರೂ ನೀರೇ.

ಮೊದಲನೆಯ ದಿನ ಅಣ್ಣ ನನಗೆ ಮೋಟಾರನ್ನು ಮುಟ್ಟಗೊಡಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. “ನೋಡು” ಎಂದ. ಏನನ್ನು ನೋಡಲಿ? ನೀರನ್ನು. ನಮ್ಮ ಹೊಳೆಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ; ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ದಿನದಿಂದ ದಿನಕ್ಕೆ ಹೊತ್ತು ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಹಿಂದೆ ಬೀಳುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಮೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದರ ಸೆಳೆತವೂ ಸೇರುತ್ತದೆ. ಗಾಳಿಗೂ ಅದರದೇ ವೇಳಾಪಟ್ಟಿ. ಚಳಿಗಾಲದಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಮೆಲ್ಲನೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಬಲವಾಗಿ ಬೀಸುತ್ತದೆ. ನೀರು ಒಂದು ಕಡೆಗೆ, ಗಾಳಿ ಇನ್ನೊಂದು ಕಡೆಗೆ ಎಳೆಯುವಾಗ ಯಾವುದು ಗೆಲ್ಲುತ್ತದೆಂದು ತಿಳಿಯಬೇಕಾದರೆ ಲಂಗರು ಹಾಕಿ ನಿಂತ ದೋಣಿಗಳನ್ನು ನೋಡಬೇಕು. ಅವು ಯಾವ ಕಡೆಗೆ ಮೂತಿ ಮಾಡಿವೆಯೋ ಆ ಕಡೆಯಿಂದ ಬರುವುದೇ ಬಲವಾದದ್ದು.

ಅಣ್ಣ ಒಂದು ತೆಂಗಿನ ಸಿಪ್ಪೆಯನ್ನು ಗೂಡಿನ ಬಾಯಿಯ ಬಳಿ ಎಸೆದ. ಅದು ಹೊಳೆಯಲ್ಲಿ ಸರಸರನೆ ಎಡಕ್ಕೆ, ಪಡುವಣಕ್ಕೆ ಓಡಿತು. ಇನ್ನೊಂದನ್ನು ಗೂಡಿನೊಳಗೆ ಎಸೆದ. ಅದು ಬಿದ್ದಲ್ಲೇ ಕುಳಿತಿತು. ಆಗ ನನಗೆ ಬೆಳಕಾಯಿತು. ಹೊಳೆಯಲ್ಲಿ ಸೆಳೆತ, ಗೂಡಿನೊಳಗೆ ನಿಂತ ನೀರು. ದೋಣಿಯ ಮೂತಿ ಒಳಗೆ ಬಂದು ನಿಂತ ನೀರನ್ನು ಸೇರಿದರೂ ಬಾಲ ಇನ್ನೂ ಸೆಳೆತದಲ್ಲಿರುತ್ತದೆ. ಬಾಲವನ್ನು ಹೊಳೆ ಎಡಕ್ಕೆ ಒಯ್ಯುತ್ತದೆ; ಬಾಲ ಎಡಕ್ಕೆ ಹೋದರೆ ಮೂತಿ ಬಲಕ್ಕೆ ತಿರುಗಲೇಬೇಕು. ಬಲಕ್ಕೆ ಕಲ್ಲಿದೆ. ಅಂದು ಸಂಜೆ ಯಾವ ಭೂತವೂ ದೋಣಿಯನ್ನು ಹಿಡಿದು ತಿರುವಿರಲಿಲ್ಲ. ಕುಳಿತು ಹತ್ತು ನಿಮಿಷ ನೋಡಿದ್ದರೆ ಕಾಣುತ್ತಿದ್ದ ಸಂಗತಿಯನ್ನು ನಾನು ನೋಡಿರಲಿಲ್ಲ, ಅಷ್ಟೆ.

ಎರಡನೆಯ ದಿನದ ಪಾಠ ಹಿಡಿಯದು. ಕಾರು ನಡೆಸುವವರು ಇದನ್ನು ಗಮನವಿಟ್ಟು ಓದಬೇಕು. ಕಾರು ಮುಂದಿನ ಗಾಲಿಯಿಂದ ತಿರುಗುತ್ತದೆ, ಹಿಂಭಾಗ ಹಿಂಬಾಲಿಸುತ್ತದೆ. ದೋಣಿಯಲ್ಲಿ ಹಾಗಲ್ಲ. ತಳ್ಳುವ ಯಂತ್ರ ಇರುವುದು ಬಾಲದಲ್ಲಿ, ತಿರುಗುವುದೂ ಬಾಲವೇ. ಮೂತಿಯಿಂದ ಸುಮಾರು ಮೂರನೆಯ ಒಂದು ಭಾಗ ಹಿಂದೆ ಒಂದು ಮೊಳೆ ಹೊಡೆದಿದೆ ಎಂದು ಭಾವಿಸಿಕೊಳ್ಳಿ. ಮುಂದೆ ಹೋಗುವ ದೋಣಿ ಆ ಮೊಳೆಯ ಸುತ್ತ ತಿರುಗುತ್ತದೆ. ಆದ್ದರಿಂದ ಮೂತಿಯನ್ನು ಒಂದು ಅಡಿ ಎಡಕ್ಕೆ ತಂದರೆ ಬಾಲ ಎರಡು ಅಡಿ ಬಲಕ್ಕೆ ಬೀಸುತ್ತದೆ. ಇಕ್ಕಟ್ಟಿನಲ್ಲಿ ಕಣ್ಣು ಮೂತಿಯ ಮೇಲೆ ಎಷ್ಟಿರಬೇಕೋ ಬಾಲದ ಮೇಲೆಯೂ ಅಷ್ಟೇ ಇರಬೇಕು.

ಎರಡನೆಯ ಮಾತು, ನಮ್ಮಂಥ ಸಣ್ಣ ಮೋಟಾರಿಗೆ ಚಕ್ರವಿಲ್ಲ, ಹಿಡಿಯುಂಟು. ಹಿಡಿಯನ್ನು ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ ತಿರುಗುತ್ತದೆ. ಎಡಕ್ಕೆ ಎಳೆದರೆ ಬಲಕ್ಕೆ. ಕಾರಿನ ಅಭ್ಯಾಸದ ಕೈ ಗಾಬರಿಯಲ್ಲಿ ತನ್ನ ಹಳೆಯ ಪಾಠವನ್ನೇ ಒಪ್ಪಿಸುತ್ತದೆ. ಅಣ್ಣನ ಬೆರಳು ಹೋದದ್ದು ಹಾಗೆ. ಮೂರನೆಯದು, ಯಂತ್ರ ನೀರನ್ನು ತಳ್ಳುತ್ತಿದ್ದರೆ ಮಾತ್ರ ಹಿಡಿಗೆ ಬೆಲೆ. ನ್ಯೂಟ್ರಲ್‌ನಲ್ಲಿ ಹಿಡಿಯನ್ನು ಎಷ್ಟು ತಿರುಗಿಸಿದರೂ ದೋಣಿ ಬಹುಮಟ್ಟಿಗೆ ತನ್ನ ಇಷ್ಟ ಬಂದ ಕಡೆ ಹೋಗುತ್ತದೆ. ಆದ್ದರಿಂದ ಮೊದಲು ಹಿಡಿಯನ್ನು ತಿರುಗಿಸಬೇಕು, ಆಮೇಲೆ ಗೇರು ಹಾಕಿ ಒಂದು ಚಿಟಿಕೆ ತಳ್ಳು ಕೊಡಬೇಕು, ಒಡನೆ ನ್ಯೂಟ್ರಲ್‌ಗೆ ತರಬೇಕು. ಅಡುಗೆಗೆ ಉಪ್ಪು ಹಾಕಿದಂತೆ. ಚಿಟಿಕೆ ಚಿಟಿಕೆಯಾಗಿ ಹಾಕಿ ರುಚಿ ನೋಡಬಹುದು. ಒಮ್ಮೆಗೇ ಸುರಿದದ್ದನ್ನು ತೆಗೆಯಲಾಗದು. (ತಿನ್ನುವ ಮಾತು ಬಂದೇಬಿಟ್ಟಿತು. ಹಿರಿಯರು ಕ್ಷಮಿಸಬೇಕು.)

ಮೂರನೆಯ ದಿನ ಖಾಲಿ ಎಣ್ಣೆಡಬ್ಬಿಯೊಂದಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಕಲ್ಲು ಕಟ್ಟಿ ನಡುಹೊಳೆಯಲ್ಲಿ ಬಿಟ್ಟೆವು. ಅದೇ ನನ್ನ ದಡ. ಅದರ ಬಳಿಗೆ ಹೋಗಿ, ಕೈಚಾಚಿದರೆ ಸಿಕ್ಕುವಂತೆ ದೋಣಿಯನ್ನು ನಿಲ್ಲಿಸಬೇಕು. ಡಬ್ಬಿಗೆ ಪೆಟ್ಟಾದರೆ ನೋವಿಲ್ಲ. ನೆರೆಯವರಿಗೆ ಉತ್ತರ ಹೇಳಬೇಕಾಗಿಲ್ಲ. ಸೆಳೆತದ ಜೊತೆಗೆ ಹೋದಾಗ ನಿಲ್ಲಿಸಲು ಆಗಲೇ ಇಲ್ಲ. ಸೆಳೆತಕ್ಕೆ ಎದುರಾಗಿ ಬಂದಾಗ ನೀರೇ ಬ್ರೇಕು ಹಾಕಿತು. ಯಂತ್ರ ತುಸು ಓಡುತ್ತಿರುತ್ತದೆ, ಹಿಡಿ ಮಾತು ಕೇಳುತ್ತಿರುತ್ತದೆ, ಆದರೂ ದಡಕ್ಕೆ ಹೋಲಿಸಿದರೆ ದೋಣಿ ನಿಂತಂತೆಯೇ ಇರುತ್ತದೆ. ಎದುರಾಳಿಯನ್ನೇ ಕೆಲಸಕ್ಕೆ ಹಚ್ಚುವ ಈ ಉಪಾಯ ಕಚೇರಿಯಲ್ಲಿಯೂ ಕೆಲವೊಮ್ಮೆ ನಡೆಯುತ್ತದೆ. ಇಪ್ಪತ್ತು ಸಲ, ಮೂವತ್ತು ಸಲ ಮಾಡಿದೆ. ನ್ಯೂಟ್ರಲ್ ಮಾಡಿದ ಮೇಲೂ ದೋಣಿ ಎಷ್ಟು ದೂರ ತಾನಾಗಿ ಜಾರುತ್ತದೆಂಬುದು ಮೈಗೆ ಹತ್ತಿತು. ಅಣ್ಣ ದಡದಲ್ಲಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ಕುಳಿತಿರುತ್ತಿದ್ದ. ಸರಿಯಾಗಿ ನಿಂತಾಗ ತಲೆಯಾಡಿಸುತ್ತಿದ್ದ. ತಪ್ಪಿದಾಗ ಬೇರೆಲ್ಲೋ ನೋಡುತ್ತಿದ್ದ.

ನಾಲ್ಕನೆಯ ದಿನ ಹಿಂದಕ್ಕೆ ಬರುವುದು. ರಿವರ್ಸ್ ಎಂಬುದು ದೋಣಿಗೆ ಬ್ರೇಕು. ಆದರೆ ಈ ಬ್ರೇಕು ನೇರವಾಗಿ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಬಲಕ್ಕೆ ಸುತ್ತುವ ಪ್ರೊಪೆಲರ್ ಹಿಂದಕ್ಕೆ ತಿರುಗಿಸಿದಾಗ ಬಾಲವನ್ನು ತುಸು ಎಡಕ್ಕೆ ಎಳೆಯುತ್ತದೆ. ನಮ್ಮ ಮೋಟಾರಿನಲ್ಲಿ ಸ್ವಲ್ಪವೇ. ತಳದಲ್ಲಿ ಯಂತ್ರವಿರುವ ದೊಡ್ಡ ದೋಣಿಗಳಲ್ಲಿ ಇದು ಬಲು ಹೆಚ್ಚು. ಇದನ್ನು ತಿಳಿದವನು ದೋಣಿಯ ಎಡಮಗ್ಗುಲನ್ನು ದಡಕ್ಕೆ ಕೊಡುವಂತೆ ಓರೆಯಾಗಿ ಬಂದು, ಕೊನೆಗೆ ಒಂದು ಚಿಟಿಕೆ ರಿವರ್ಸ್ ಕೊಟ್ಟರೆ ದೋಣಿ ನಿಲ್ಲುವುದರ ಜೊತೆಗೆ ಬಾಲ ತಾನಾಗಿ ದಡಕ್ಕೆ ಬಂದು ಒರಗುತ್ತದೆ. ತಿಳಿಯದವನಿಗೆ ಇದೇ ಶತ್ರು.

ಆ ದಿನವೇ ಹಗ್ಗದ ಪಾಠವೂ ಆಯಿತು. ದಡ ಮುಟ್ಟಿದ ಮೇಲೆ ಹಗ್ಗ ಹುಡುಕುವವನು ಹೆಡ್ಡ. ಬರುವ ಮುಂಚೆಯೇ ಮೂತಿಯದೊಂದು, ಬಾಲದ್ದೊಂದು, ನಡುವಿನದೊಂದು ಹಗ್ಗ ಸಿಕ್ಕಿಲ್ಲದೆ ಸುರುಳಿಯಾಗಿರಬೇಕು. ಎರಡು ಮಗ್ಗುಲಿಗೂ ಹಳೆಯ ಟೈರು ತೂಗಿರಬೇಕು. ಒಬ್ಬನೇ ಇದ್ದಾಗ ನಡುವಿನ ಹಗ್ಗವೇ ಗತಿ. ದೋಣಿಯ ನಡುವಿನಿಂದ ಹೊರಟ ಹಗ್ಗವನ್ನು ಹಿಂದಿನ ಮೆಟ್ಟಿಲ ಕಬ್ಬಿಣದ ಬಳೆಗೆ ಗಿಡ್ಡವಾಗಿ ಹಾಕಿ, ಯಂತ್ರವನ್ನು ಮುಂದಿನ ಗೇರಿನಲ್ಲಿ ತೀರ ಮೆಲ್ಲಗೆ ಓಡಿಸಿದರೆ, ಹಗ್ಗ ಹಿಂದಕ್ಕೆ ಹಿಡಿಯುತ್ತದೆ, ಯಂತ್ರ ಮುಂದಕ್ಕೆ ಒತ್ತುತ್ತದೆ. ದೋಣಿ ಮೆಟ್ಟಿಲಿಗೆ ಅಂಟಿಕೊಂಡು ನಿಲ್ಲುತ್ತದೆ. ಆಮೇಲೆ ಉಳಿದ ಹಗ್ಗಗಳನ್ನು ನಿಧಾನವಾಗಿ ಕಟ್ಟಬಹುದು. ಕಟ್ಟುವಾಗ ಇಳಿತಕ್ಕೆ ಬೇಕಾದಷ್ಟು ಸಡಿಲ ಬಿಡಬೇಕು. ಇಲ್ಲವಾದರೆ ಬೆಳಗಾಗುವಾಗ ನೀರು ಕೆಳಗೆ, ದೋಣಿ ಹಗ್ಗದಲ್ಲಿ ತೂಗುಮಂಚ.

ಇಲ್ಲಿ ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ಸಂಪಾದಕರನ್ನು ಬೇಡಬೇಕೆನ್ನಿಸುತ್ತದೆ. ದೋಣಿಗೂ ದಡಕ್ಕೂ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ಎಂದಿಗೂ ಕೊಡಬೇಡಿ. ಜನರನ್ನು ಹೊತ್ತ ಸಣ್ಣ ದೋಣಿಯೂ ಒಂದು ಟನ್ನಿನ ಹತ್ತಿರ ತೂಗುತ್ತದೆ. ಫೈಬರ್ ಒಡೆದರೆ ತೇಪೆ ಹಾಕಬಹುದು. ಟೈರು ಕೊಡಿ, ಗಳೆ ಕೊಡಿ. ಏನೂ ಇಲ್ಲದಿದ್ದರೆ ತಗಲಲಿ ಬಿಡಿ. ದಡಕ್ಕೆ ಹಾರಲೂ ಬಾರದು. ದೋಣಿ ನಿಂತ ಮೇಲೆ ಹೆಜ್ಜೆಯಿಟ್ಟು ಇಳಿಯಬೇಕು. ದಡ ಕಂಡ ಕೂಡಲೇ ಎಲ್ಲರೂ ಎದ್ದು ಒಂದೇ ಮಗ್ಗುಲಿಗೆ ಬರುವುದಂತೂ ಕೂಡದು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ ಮಕ್ಕಳು ಹೆಂಗಸರು ಸಹಿತ ಹಲವರು ತೀರಿಕೊಂಡದ್ದನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ದೋಣಿ ಹತ್ತಿಸುವ ತಾಯಂದಿರು ಮೊದಲು ಜೀವರಕ್ಷಕ ಅಂಗಿ ಕೇಳಿ, ಆಮೇಲೆ ಫೋಟೋ ತೆಗೆಯಿರಿ.

ಐದನೆಯ ದಿನ ನಿಂತ ನೀರಿನ ಹೊತ್ತು ನೋಡಿ, ಎಂದರೆ ಭರತ ಮುಗಿದು ಇಳಿತ ಶುರುವಾಗುವ ಮುಂಚಿನ ಅರೆಗಳಿಗೆಯಲ್ಲಿ, ಗೂಡನ್ನು ಹೊಕ್ಕೆ. ಸುಲಭವಾಗಿತ್ತು. ಇಳಿತ ಶುರುವಾದ ಮೇಲೆ ಅಣ್ಣ ಹೇಳಿದ: “ಈಗ ಹತ್ತು ಸಲ ಬಾ. ಹತ್ತು ಸಲವೂ ಒಳಗೆ ಬರಬೇಡ.” ನನಗೆ ಅರ್ಥವಾಗಲಿಲ್ಲ. “ಬಾಯಿಯ ತನಕ ಬಾ, ಅಲ್ಲಿಂದ ಹಿಂದಕ್ಕೆ ಹೋಗು. ಹಿಂದಕ್ಕೆ ಹೋಗಲಿಕ್ಕೆ ಬರುವವನಿಗೆ ಮಾತ್ರ ಒಳಗೆ ಬರಲಿಕ್ಕೆ ಬರುತ್ತದೆ” ಎಂದ.

ಹತ್ತು ಸಲ ಬಂದೆ, ಹತ್ತು ಸಲ ಹಿಂದಕ್ಕೆ ಹೋದೆ. ಓದುಗ ಬಂಧುಗಳೇ, ಆ ಮಧ್ಯಾಹ್ನ ನಾನು ಕಲಿತಷ್ಟನ್ನು ಉಳಿದ ದಿನಗಳಲ್ಲಿ ಕಲಿಯಲಿಲ್ಲ. ಮೊದಲ ದಿನ ನನ್ನ ಗಾಬರಿಗೆ ಮೂಲ ಇಷ್ಟೇ: ಹೊರಟಮೇಲೆ ಸೇರಲೇಬೇಕು, ದಡದಲ್ಲಿ ಜನ ನೋಡುತ್ತಿದ್ದಾರೆ, ಹಿಂದಕ್ಕೆ ಹೋದರೆ ನಗುತ್ತಾರೆ ಎಂಬ ಭಾವನೆ. ಹಿಂದಕ್ಕೆ ಹೋಗುವುದೂ ಕ್ರಮದ ಒಂದು ಅಂಗವೆಂದು ತಿಳಿದ ಕೂಡಲೇ ಕೈಯ ನಡುಕ ಹೋಯಿತು. ಇಷ್ಟು ದೂರದ ತನಕ ಮನಸ್ಸು ಬದಲಿಸಬಹುದು, ಆ ನೇರಳೆ ಮರದ ನೇರವನ್ನು ದಾಟಿದ ಮೇಲೆ ಬದಲಿಸಬಾರದು ಎಂದು ಗುರುತು ಹಾಕಿಕೊಂಡೆ. ವೇಗದ ಲೆಕ್ಕವನ್ನೂ ಅಣ್ಣ ಒಂದೇ ಮಾತಿನಲ್ಲಿ ಮುಗಿಸಿದ: “ಯಾವ ವೇಗದಲ್ಲಿ ಕಲ್ಲಿಗೆ ಬಡಿದರೆ ನೀನು ನಕ್ಕು ಸುಮ್ಮನಿರಬಲ್ಲೆಯೋ ಅದೇ ವೇಗದಲ್ಲಿ ಬಾ.” ಮುದುಕರು ನಡೆಯುವ ವೇಗ ಅದು.

ದೊಡ್ಡವರ ಸಂಗತಿಯನ್ನೂ ನೋಡಿ. ನವಮಂಗಳೂರು ಬಂದರಿಗೆ ಬರುವ ಭಾರಿ ಹಡಗುಗಳ ಕಪ್ತಾನರು ಲೋಕವೆಲ್ಲ ಸುತ್ತಿದವರು. ಆದರೂ ಬಂದರಿನೊಳಕ್ಕೆ ಬರುವಾಗ ಅಲ್ಲಿಯ ನೀರನ್ನು ಬಲ್ಲ ಪೈಲಟನನ್ನು ಹತ್ತಿಸಿಕೊಳ್ಳುತ್ತಾರೆ. ಟಗ್ ದೋಣಿಗಳು ಮಗ್ಗುಲಲ್ಲಿ ನಿಂತು ತಳ್ಳಿ ಎಳೆದು ಸಹಾಯ ಮಾಡುತ್ತವೆ. ಸಮುದ್ರ ದಾಟುವುದು ಒಂದು ವಿದ್ಯೆ, ಮನೆ ಸೇರುವುದು ಇನ್ನೊಂದು. ನಮ್ಮದೇ ಹೊಳೆಯ ಮೇಲ್ಗಡೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ, ಸಿಗಂದೂರಿಗೆ ಬಸ್ಸು ಕಾರುಗಳನ್ನು ಹೊತ್ತು ದಾಟಿಸುತ್ತಿದ್ದ ಲಾಂಚುಗಳನ್ನು ನಿಮ್ಮಲ್ಲಿ ಅನೇಕರು ಹತ್ತಿರಬಹುದು. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆಯಿತು. ಅದು ಆಗಲೇಬೇಕಾದ ಕೆಲಸವಾಗಿತ್ತು. ಆದರೆ ಅಷ್ಟು ಭಾರವನ್ನು ಹೊತ್ತ ಲಾಂಚನ್ನು ಕಡವಿನ ಇಳಿಜಾರಿಗೆ ಮೆಲ್ಲನೆ ತಂದು ಮುಟ್ಟಿಸುತ್ತಿದ್ದವರ ಕೈಯನ್ನು ನಾವು ಯಾರೂ ನೋಡಲಿಲ್ಲ. ನಾನಂತೂ ನೋಡಿರಲಿಲ್ಲ. ಇನ್ನೊಂದು ಸಲ ಹತ್ತುವ ಭಾಗ್ಯವಿದ್ದರೆ ಕಿಟಕಿಯ ಬದಲು ಚುಕ್ಕಾಣಿಯ ಕಡೆ ನೋಡುತ್ತಿದ್ದೆ.

ಬುಧವಾರ ಬಂತು. ಬೆಳಗ್ಗೆ ತಾಯಿಯನ್ನು ದಾಟಿಸಿದೆ. ಪೇಟೆಯ ಧಕ್ಕೆ ಅಗಲವಾದದ್ದು, ತೊಂದರೆಯಾಗಲಿಲ್ಲ. ಡಾಕ್ಟರು ನೋಡಿ, ಔಷಧಿ ಬರೆದು, ಮಂಡಿಗೆ ಪೆಟ್ಟಾಗದಂತೆ ಎಚ್ಚರವಿರಲೆಂದು ಹೇಳಿದರು. ಆ ಮಾತನ್ನು ಅವರು ತಾಯಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ.

ಹಿಂದಿರುಗುವಾಗ ಮೂರು ಗಂಟೆ. ಇಳಿತ ಅರ್ಧಕ್ಕೆ ಬಂದು ಸೆಳೆತ ಅತಿ ಹೆಚ್ಚಾಗಿರುವ ಹೊತ್ತು. ಸಮುದ್ರದ ಗಾಳಿ ಎದುರಿಂದ ಎದ್ದಿತ್ತು. ತಾಯಿ ನಡುವಿನ ಹಲಗೆಯ ಮೇಲೆ ಚೀಲ ಹಿಡಿದು ಕುಳಿತು ಬಂಗುಡೆಯ ಬೆಲೆಯ ವಿಷಯ ಮಾತಾಡುತ್ತಿದ್ದಳು. ಗೂಡಿನ ಎದುರಿಗೆ ಬಂದೆ. ಮೆಟ್ಟಿಲ ಮೇಲೆ ಅಣ್ಣ, ನೆರೆಮನೆಯವರು, ನನ್ನ ಮಕ್ಕಳು. ಮೂತಿಯನ್ನು ಸೆಳೆತದ ಮೇಲ್ಗಡೆಗೆ, ಎಂದರೆ ಮೆಟ್ಟಿಲಿನ ಮೂಲೆಗೇ ಗುರಿ ಮಾಡಿದೆ. ಹೊಳೆ ದೋಣಿಯನ್ನು ಎಡಕ್ಕೆ ಸರಿಸುವಾಗ ಗೂಡಿನ ನಡುವಿಗೆ ಬರಬೇಕೆಂದು ಲೆಕ್ಕ. ಗಾಳಿಯೊಂದು ಸುಯ್ಯೆಂದಿತು, ಲೆಕ್ಕ ತಪ್ಪಿತು. ನೇರಳೆ ಮರದ ನೇರ ಇನ್ನೂ ಬಂದಿರಲಿಲ್ಲ. ರಿವರ್ಸ್ ಹಾಕಿ ಹಿಂದಕ್ಕೆ ಹೋದೆ.

“ಎಂತಕ್ಕೆ ತಿರುಗಿಸಿದೆ?” ಎಂದು ತಾಯಿ ಕೇಳಿದಳು.

“ಸರಿ ಬರಲಿಲ್ಲ ಆಯಿ.”

“ಹ್ಞೂ. ನಿಮ್ಮಪ್ಪನೂ ಹಾಗೇ. ಒಂದೊಂದು ದಿನ ಮೂರು ಮೂರು ಸಲ ತಿರುಗಿಸುತ್ತಿದ್ದರು. ನೀನು ದೋಣಿಯಲ್ಲಿ ಪುಸ್ತಕ ಓದುತ್ತಾ ಇರುತ್ತಿದ್ದೆ, ನಿನಗೆಲ್ಲಿ ಗೊತ್ತು” ಎಂದಳು.

ನನ್ನ ತಂದೆ ಒಮ್ಮೆಯೂ ತಪ್ಪಿದವರಲ್ಲ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಇಲ್ಲಿ ಗೆಳೆಯರ ಮುಂದೆ ಹಾಗೆಂದು ಹೇಳಿಕೊಂಡಿದ್ದೂ ಉಂಟು.

ಎರಡನೆಯ ಸಲ ಬಂದೆ. ಗಾಳಿ ಒಂದು ಗಳಿಗೆ ತಗ್ಗುವ ತನಕ ಸೆಳೆತಕ್ಕೆ ಎದುರಾಗಿ ನಿಂತು ಕಾದೆ. ಆಮೇಲೆ ಮೆಟ್ಟಿಲಿನ ಮೂಲೆಯನ್ನು ಗುರಿ ಹಿಡಿದು ಮುದುಕರ ನಡಿಗೆಯಲ್ಲಿ ಬಂದೆ. ಮೂತಿ ನಿಂತ ನೀರಿಗೆ ಹೊಕ್ಕಿತು. ಬಾಲ ಎಡಕ್ಕೆ ಹೊರಡುವುದನ್ನು ಈ ಸಲ ನಾನು ಕಾದುಕೊಂಡೇ ಇದ್ದೆ. ಹಿಡಿಯನ್ನು ಬಲಕ್ಕೆ ತಳ್ಳಿ ಒಂದು ಚಿಟಿಕೆ. ನ್ಯೂಟ್ರಲ್. ಇನ್ನೊಂದು ಚಿಟಿಕೆ. ದೋಣಿ ನೇರವಾಯಿತು. ರಿವರ್ಸ್ ಒಂದು ಉಸಿರು. ನಡುವಿನ ಹಗ್ಗವನ್ನು ಬಳೆಗೆ ಹಾಕಿದೆ. ಅಣ್ಣ ಮೆಟ್ಟಿಲಿನಿಂದ ಏಳಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದ. ಅದು ಅವನು ನನಗೆ ಕೊಟ್ಟ ಸರ್ಟಿಫಿಕೇಟು.

ತಾಯಿ ಬಂಗುಡೆಯ ಮಾತು ಮುಗಿಸಿ ತಲೆಯೆತ್ತಿ, “ಮುಟ್ಟಿತನೋ?” ಎಂದು ಕೇಳಿದಳು.

“ಮುಟ್ಟಿತು ಆಯಿ, ಮೆಲ್ಲಗೆ ಇಳಿ” ಎಂದೆ.

ಈಗ ಅಣ್ಣನ ಬೆರಳು ಕೂಡಿದೆ. ಒಂದು ಪೂರ್ತಿ ಮಡಚುವುದಿಲ್ಲ. ಮರ ಹತ್ತಲು ಅಡ್ಡಿಯಿಲ್ಲವೆಂದು ಫೋನಿನಲ್ಲಿ ಹೇಳುತ್ತಾನೆ. ಬರುವ ಡಿಸೆಂಬರಿಗೆ ರಜೆಯ ಅರ್ಜಿಯನ್ನು ಈಗಲೇ ಕೊಟ್ಟಿದ್ದೇನೆ. ಈ ಸಲ ಹಿರಿಯ ಮಗನಿಗೆ ಎಣ್ಣೆಡಬ್ಬಿಯ ಪಾಠ ಶುರು ಮಾಡಬೇಕೆಂದಿದೆ. ಅವನ ಕೈಗೆ ಪೆನ್ನೂ ಇರಲಿ, ಹಿಡಿಯೂ ಇರಲಿ. ಮೊನ್ನೆ ಕಟ್ಟಡದ ಕೆಳಗೆ ಕಾರು ನಿಲ್ಲಿಸುವಾಗ ಕೋನ ಸರಿಬರದೆ ನಾನು ಹಿಂದಕ್ಕೆ ತೆಗೆದೆ. ಹಿಂದಿನ ಆಸನದಿಂದ ಅವನು, “ಅಪ್ಪಾ, ನೇರಳೆ ಮರ ಇನ್ನೂ ಬಂದಿರಲಿಲ್ಲ ಅಲ್ಲವಾ?” ಎಂದ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಕಾಣೋಣ. ಅಷ್ಟರಲ್ಲಿ ನಿಮ್ಮ ಊರಿನ ಹೊಳೆ, ಕಡವು, ತಾರಿಗಳ ನೆನಪು ಯಾರಿಗಾದರೂ ಬಂದರೆ ಸಂಘದ ವಿಳಾಸಕ್ಕೆ ನಾಲ್ಕು ಸಾಲು ಬರೆದು ಕಳಿಸಿ. ಹೇಗೂ ಹಿರಿಯರ ಅಪ್ಪಣೆಯಾಗಿದೆ. ಬುತ್ತಿಯ ವಿಷಯ ಬೇಡ.

— ನಿಮ್ಮ ಗುಮಾಸ್ತ